ರಿಪೋರ್ಟ್‌ನಲ್ಲಿ ‘ಪಿಎಕ್ಸ್‌ಎಫ್’: ಪೊರೆ ಆಪರೇಷನ್ ಮುಂದಕ್ಕೆ ಹಾಕಬಹುದೇ?

ಮಲ್ಲಿಗೆಹಂದರ:
ವಯಸ್ಸು 71, ಬಲಗಣ್ಣಿಗೆ ಪೊರೆ. ರಿಪೋರ್ಟ್‌ನಲ್ಲಿ ‘ಪಿಎಕ್ಸ್‌ಎಫ್, ಡ್ರಾಪ್ಸ್ ಹಾಕಿದರೂ ಪಾಪೆ 4 ಮಿ.ಮೀ. ಮಾತ್ರ’ ಎಂದಿದೆ. ಕಣ್ಣಿನ ಒತ್ತಡ ಬಲಕ್ಕೆ 24, ಎಡಕ್ಕೆ 15. ಇನ್ನೊಂದು ವರ್ಷ ಕಾಯಬಹುದೇ? ಮೊದಲು ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ನೋಡಿಸಬೇಕೇ?

ಹಳೆಚಷ್ಮಾ:
ಪಿಎಕ್ಸ್‌ಎಫ್ ಅಂದರೆ ಸ್ಯೂಡೋಎಕ್ಸ್‌ಫೋಲಿಯೇಷನ್. ಫಿನ್ಲೆಂಡಿನ ಲಿಂಡ್‌ಬರ್ಗ್ 1917ರಲ್ಲೇ ಇದನ್ನು ವಿವರಿಸಿದ್ದರು. ತಲೆಹೊಟ್ಟಿನಂಥ ಬಿಳಿ ಪುಡಿ ಪಾಪೆಯ ಅಂಚಿನಲ್ಲೂ ಕಣ್ಣಿನೊಳಗಿನ ಲೆನ್ಸಿನ ಮೇಲೂ ಕೂರುತ್ತದೆ. ಪಾಪೆ ಹಿಗ್ಗಿಸದೆ ನೋಡಿದರೆ ಲೆನ್ಸಿನ ಅಂಚಿನ ಪುಡಿ ಕಾಣದೆ ತಪ್ಪಿಹೋಗಬಹುದು. ಅದೇ ಪುಡಿ, ಜೊತೆಗೆ ಐರಿಸ್‌ನಿಂದ (ಪಾಪೆಯ ಸುತ್ತಲಿನ ಬಣ್ಣದ ಭಾಗ) ಉದುರಿದ ಬಣ್ಣ, ಕಣ್ಣಿನ ದ್ರವ ಹೊರಹೋಗುವ ಜಾಲರಿಯನ್ನು ಮುಚ್ಚಿಹಾಕುತ್ತದೆ. ಒತ್ತಡ ಏರುವುದು ಹೀಗೆ. ಈ ಕಾಯಿಲೆಯಲ್ಲಿ ಒತ್ತಡ ದಿನದಲ್ಲೇ ಬಹಳ ಏರಿಳಿಯುತ್ತದೆ, ಒಂದು ಸಲದ 24 ನೋಡಿ ತೀರ್ಮಾನಿಸಬೇಡಿ. ಬೇರೆ ಬೇರೆ ಹೊತ್ತಿನಲ್ಲಿ ಅಳೆಸಿ. ಗೋನಿಯೋಸ್ಕೋಪಿ (ದ್ರವ ಹೊರಹೋಗುವ ಮೂಲೆಯ ತಪಾಸಣೆ), ಫೀಲ್ಡ್ ಟೆಸ್ಟ್ (ಸುತ್ತಲಿನ ನೋಟದ ಪರೀಕ್ಷೆ), ನರದ ಓಸಿಟಿ (ಸ್ಕ್ಯಾನ್) ಮೂರೂ ಬೇಕು. 15 ಇದೆಯೆಂದು ಎಡಗಣ್ಣನ್ನು ಬಿಡಬೇಡಿ. ಒಂದೇ ಕಣ್ಣಿನಲ್ಲಿ ಕಂಡದ್ದು ವರ್ಷಗಳ ನಂತರ ಇನ್ನೊಂದರಲ್ಲೂ ಬರಬಹುದು.

ಸ್ಲಿಟ್‌ಲ್ಯಾಂಪ್:
ಕಾಯುವ ವಿಷಯಕ್ಕೆ ಬಂದರೆ, ಪೊರೆ ಬಲಿತಷ್ಟೂ ಗಟ್ಟಿ. ಲೆನ್ಸನ್ನು ಹಿಡಿದಿರುವ ಜೋನ್ಯೂಲ್ ಎಳೆಗಳು ಪಿಎಕ್ಸ್‌ಎಫ್ ಇರುವವರಲ್ಲಿ ಸವೆದ ತೊಟ್ಟಿಲ ಹಗ್ಗದ ಹಾಗೆ. ಗಟ್ಟಿ ಪೊರೆಯನ್ನು ಒಡೆಯುವಾಗ, ತಿರುಗಿಸುವಾಗ ಭಾರವೆಲ್ಲ ಆ ಎಳೆಗಳ ಮೇಲೇ. ಅವು ಹರಿದರೆ ವಿಟ್ರಿಯಸ್ (ಕಣ್ಣಿನ ಹಿಂಭಾಗದ ಲೋಳೆಯಂಥ ವಸ್ತು) ಮುಂದೆ ಬರುತ್ತದೆ, ಲೆನ್ಸಿನ ಚೂರು ಹಿಂದಕ್ಕೆ ಬೀಳುವುದೂ ಉಂಟು. ನೋಟಕ್ಕೆ ತೊಂದರೆಯಿದ್ದರೆ ಮುಂದೂಡುವುದರಲ್ಲಿ ಲಾಭವಿಲ್ಲ.

ಸರ್ಜನ್‌ರನ್ನು ಕೇಳಬೇಕಾದ್ದು: ಲೆನ್ಸ್ ಅಲುಗಾಡುತ್ತಿದೆಯೇ? ಮುಂಗೋಣೆಯ (ಕಾರ್ನಿಯಾಕ್ಕೂ ಲೆನ್ಸಿಗೂ ನಡುವಿನ ಜಾಗ) ಆಳ ಎಷ್ಟು? 2.5 ಮಿ.ಮೀ.ಗಿಂತ ಕಡಿಮೆಯಿದ್ದರೆ ಎಳೆಗಳು ಸಡಿಲವಾಗಿರುವ ಅನುಮಾನ. ಸಣ್ಣ ಪಾಪೆಗೆ ಐರಿಸ್ ಹುಕ್ ಅಥವಾ ಹಿಗ್ಗಿಸುವ ರಿಂಗ್, ಸಡಿಲ ಎಳೆಗಳಿಗೆ ಕ್ಯಾಪ್ಸುಲರ್ ಟೆನ್ಷನ್ ರಿಂಗ್ (ಲೆನ್ಸಿನ ಚೀಲಕ್ಕೆ ಆಧಾರ ಕೊಡುವ ಬಳೆ) ಟೇಬಲ್ಲಿನ ಮೇಲೆ ಸಿದ್ಧವಿರುತ್ತದೆಯೇ? ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ನುಂಗುತ್ತಿದ್ದರೆ ಮೊದಲೇ ಹೇಳಿ, ಐರಿಸ್ ಇನ್ನಷ್ಟು ಕಾಟ ಕೊಡುತ್ತದೆ. ಹಾಗಂತ ತಾವಾಗಿಯೇ ನಿಲ್ಲಿಸಬೇಡಿ; ನಿಲ್ಲಿಸಿದ ಮಾತ್ರಕ್ಕೆ ಅಪಾಯ ಹೋಗುವುದಿಲ್ಲ.

ಮಲ್ಲಿಗೆಹಂದರ:
ಪೊರೆ ತೆಗೆದರೆ ಒತ್ತಡವೂ ಇಳಿಯುತ್ತದಂತೆ, ನಿಜವೇ ಸರ್?

ಹಳೆಚಷ್ಮಾ:
ಇಳಿಯಬಹುದು, ಆದರೆ ಕಾಯಿಲೆ ಹೋಗುವುದಿಲ್ಲ, ಪುಡಿ ಬರುತ್ತಲೇ ಇರುತ್ತದೆ. ನರ ಚೆನ್ನಾಗಿದ್ದರೆ ಸಾಮಾನ್ಯವಾಗಿ ಡ್ರಾಪ್ಸ್‌ನಿಂದ ಒತ್ತಡ ಇಳಿಸಿ ಆಮೇಲೆ ಪೊರೆ ತೆಗೆಯುತ್ತಾರೆ. ನರ ಹಾಳಾಗಿದ್ದರೆ ಪೊರೆ, ಗ್ಲಾಕೋಮಾ ಎರಡೂ ಆಪರೇಷನ್ ಒಟ್ಟಿಗೆ ಮಾಡುವ ಬಗ್ಗೆ ಗ್ಲಾಕೋಮಾ ತಜ್ಞರು ಹೇಳಬೇಕು. ಒತ್ತಡ ಇಳಿಸುವ ಲೇಸರ್ ಪಿಎಕ್ಸ್‌ಎಫ್ ಇರುವವರಿಗೆ ಮೊದಮೊದಲು ಚೆನ್ನಾಗಿ ಹಿಡಿಯುತ್ತದೆ, ಕ್ರಮೇಣ ಅದರ ಪರಿಣಾಮ ಕುಗ್ಗುತ್ತದೆ. ಆಪರೇಷನ್ ಆದ ಮೊದಲ 24 ಗಂಟೆಯಲ್ಲಿ ಒತ್ತಡ ದಿಢೀರನೆ ಏರಬಹುದು, ಮರುದಿನದ ತಪಾಸಣೆ ತಪ್ಪಿಸಬೇಡಿ. ವರ್ಷಗಳ ನಂತರ ಕೃತಕ ಲೆನ್ಸ್ ಚೀಲದ ಸಮೇತ ಜಾರುವುದೂ ಉಂಟು. ನೋಟ ಇದ್ದಕ್ಕಿದ್ದಂತೆ ಮಂಜಾದರೆ ಅಥವಾ ಒಂದು ವಸ್ತು ಎರಡಾಗಿ ಕಂಡರೆ ಅದೇ ದಿನ ತೋರಿಸಿ.