ಒಬ್ಬಳೊಳಗ ಮೂರು ದನಿ: ಡಿಐಡಿಗೆ ಚಿಕಿತ್ಸೆ ಎಲ್ಲಿ, ಹೆಂಗ?

ಪ್ರಶ್ನೆ, ಗಂಗಾವತಿಯಿಂದ:
ನಮಸ್ಕಾರ್ರಿ. ನಮ್ಮ ತಂಗಿಗೆ 26 ವರ್ಷ. ಒಮ್ಮೊಮ್ಮೆ ಏಳೆಂಟು ವರ್ಷದ ಹುಡುಗಿ ಹಂಗ ಮಾತಾಡ್ತಾಳ, ಒಮ್ಮೊಮ್ಮೆ ಗಡಸು ದನಿಯಾಗ ಬೈತಾಳ, ಹೆಸರು ಕೇಳಿದ್ರ ಬೇರೆ ಹೆಸರು ಹೇಳ್ತಾಳ. ಆಮ್ಯಾಲೆ ಏನೂ ನೆನಪಿಲ್ಲ ಅಂತಾಳ. ತಾನ ತಂದ ಸೀರಿ ನೋಡಿ ‘ಇದನ್ನ ಯಾರು ತಂದ್ರು’ ಅಂತ ಕೇಳ್ತಾಳ. ನಡುವ ಒಮ್ಮೊಮ್ಮೆ ಫಿಟ್ಸ್ ಥರಾನೂ ಬರ್ತಾವ. ಮನ್ಯಾಗ ಗಾಳಿ ಸೋಕೈತಿ ಅಂತಾರ. ಒಬ್ರು ಡಾಕ್ಟರು ಡಿಐಡಿ (ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್, ಒಬ್ಬರೊಳಗ ಬೇರೆ ಬೇರೆ ‘ನಾನು’ ಬರೋ ಕಾಯಿಲೆ) ಇರಬಹುದು ಅಂದ್ರು. ಇದಕ್ಕ ಗುಳಿಗಿ ಐತೇನ್ರಿ? ಇಲ್ಲೇ ತೋರಿಸಬಹುದೋ, ಬೆಂಗಳೂರಿಗೇ ಓಡಾಡಬೇಕೋ?

ಉತ್ತರ, ಕ್ಲಿನಿಕಲ್ ಸೈಕಾಲಜಿಸ್ಟ್:
ಮೊದಲು ಗುಳಿಗೆಯ ಮಾತು ಮುಗಿಸೋಣ. ಡಿಐಡಿಗೆ ಅಂತಲೇ ಒಂದು ಗುಳಿಗೆ ಇಲ್ಲ. ಜೊತೆಗೆ ಬರುವ ಖಿನ್ನತೆ, ಗಾಬರಿ, ನಿದ್ದೆಗೇಡಿಗೆ ಔಷಧಿ ಇದೆ. ಮೂಲ ಚಿಕಿತ್ಸೆ ಮಾತಿನದು: ವಾರಕ್ಕೊಮ್ಮೆ, 45ರಿಂದ 60 ನಿಮಿಷ, ಸಾಮಾನ್ಯವಾಗಿ ವರ್ಷಗಟ್ಟಲೆ. ‘ಮೂರು ಸಿಟ್ಟಿಂಗ್‌ನಲ್ಲಿ ವಾಸಿ’ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹೆಸರನ್ನು ಈಗಲೇ ಗಟ್ಟಿ ಮಾಡಿಕೊಳ್ಳಬೇಡಿ. 2022ರಿಂದ ಜಾರಿಯಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಡಿಐಡಿ ಬೇರೆ, ಭಾಗಶಃ ಡಿಐಡಿ (ಬೇರೆ ‘ನಾನು’ ಇಣುಕಿದರೂ ಪೂರ್ತಿ ಹಿಡಿತ ತಗೊಳ್ಳದ್ದು) ಬೇರೆ, ಮೈಮೇಲೆ ಬರುವ ತೊಂದರೆ ಬೇರೆ. ಮನಸ್ಸಿನ ಒತ್ತಡದಿಂದ ಬರುವ ಫಿಟ್ಸ್ ಕೂಡ ಇದೇ ಗುಂಪಿನದು. ನಮ್ಮ ಕಡೆ ಒಪಿಡಿಗೆ ಹೆಚ್ಚಾಗಿ ಬರೋದು ಈ ಕೊನೆಯ ಎರಡು. ಡಿಐಡಿ ಅನ್ನಲು ಎರಡು ವಿಷಯ ಬೇಕು: ಬೇರೆ ಬೇರೆ ‘ನಾನು’ಗಳು ಪದೇಪದೇ ಬಂದು ಮೈಮನಸ್ಸಿನ ಹಿಡಿತ ತಗೊಳ್ಳೋದು, ಮತ್ತು ಸಾಮಾನ್ಯ ಮರೆವಿಗೆ ಹೊಂದದಷ್ಟು ನೆನಪು ಖಾಲಿ ಬೀಳೋದು. ನೀವು ಹೇಳಿದ ಸೀರೆಯ ಮಾತು ಈ ಎರಡನೆಯದಕ್ಕೆ ಸೇರುತ್ತದೆ. ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ದನಿ ಬದಲಾಗೋದಕ್ಕಿಂತ ಅದರ ತೂಕ ಹೆಚ್ಚು.

ಜಾತ್ರೆಯಲ್ಲಿ, ಹುಲಿಗಿಯ ಹುಣ್ಣಿಮೆಯಲ್ಲಿ, ಹಲಗೆ ಬಡಿದಾಗ ಮೈದುಂಬಿ ಆಮೇಲೆ ಮನೆಗೆ ಬಂದು ರೊಟ್ಟಿ ಬಡಿಯುವ ಹೆಂಗಸಿಗೆ ಯಾವ ರೋಗವೂ ಇಲ್ಲ. ಬೇಡವೆಂದರೂ ಬರುವುದು, ಕೆಲಸ ಸಂಸಾರ ಕೆಡುವುದು, ಆಕೆಗೇ ಹೆದರಿಕೆ ಆಗುವುದು, ಇವು ಇದ್ದರೆ ಮಾತ್ರ ಚಿಕಿತ್ಸೆಯ ವಿಷಯ. ದೇವರಿಗೆ ಹೋಗಬೇಡಿ ಅನ್ನುತ್ತಿಲ್ಲ. ಬಡಿಯೋದು, ಮೆಣಸಿನಕಾಯಿ ಹೊಗೆ ಹಾಕೋದು, ಕಟ್ಟಿಹಾಕೋದು ಮಾತ್ರ ಬೇಡವೇ ಬೇಡ. ಈ ಕಾಯಿಲೆಯ ಬೇರು ಬಹಳ ಸಲ ಚಿಕ್ಕಂದಿನ ಹೊಡೆತ, ದೌರ್ಜನ್ಯ, ದಿಕ್ಕಿಲ್ಲದ ಭಯದಲ್ಲಿ ಇರುತ್ತದೆ. ತಡೆಯಲಾರದ್ದನ್ನು ‘ಇದು ನನಗೆ ಆಗ್ತಿಲ್ಲ’ ಅಂತ ಪಕ್ಕಕ್ಕಿಟ್ಟು ಬದುಕಿದ ಮಗುವಿನ ಉಪಾಯ ಅದು. ಮತ್ತೆ ಹೊಡೆದರೆ ಒಡಕು ಇನ್ನೂ ಹೆಚ್ಚುತ್ತದೆ.

ಉತ್ತರ, ಮನೋವೈದ್ಯರು:
ಎಲ್ಲಿ ಅನ್ನೋದಕ್ಕೆ ನಾನು ಹೇಳ್ತೀನಿ. ಕೊಪ್ಪಳದ ಸರ್ಕಾರಿ ಮೆಡಿಕಲ್ ಕಾಲೇಜು, ರಾಯಚೂರಿನ ರಿಮ್ಸ್, ಬಳ್ಳಾರಿಯ ಬಿಎಂಸಿಆರ್‌ಸಿ (ಜನರ ಬಾಯಲ್ಲಿ ಇನ್ನೂ ವಿಮ್ಸ್), ಈ ಮೂರರಲ್ಲಿ ಹತ್ತಿರ ಇದ್ದ ಕಡೆ ಮನೋವೈದ್ಯ ವಿಭಾಗದಲ್ಲಿ ಶುರು ಮಾಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ‘ಮನೋಚೈತನ್ಯ’ ಕ್ಲಿನಿಕ್ ಯಾವ ವಾರ ನಡೆಯುತ್ತದೆ ಅಂತ ವಿಚಾರಿಸಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ 1985ರಿಂದ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಆ ಮಣ್ಣಿನ ಪಕ್ಕದವರೇ ‘ಇಲ್ಲಿ ಏನೂ ಇಲ್ಲ’ ಅಂದುಕೊಂಡು ಮೊದಲ ದಿನವೇ ಬೆಂಗಳೂರು ಬಸ್ ಹತ್ತೋದು ಬೇಡ. ಹೆಸರು ಗಟ್ಟಿ ಆಗದಿದ್ದರೆ ಧಾರವಾಡದ ಡಿಮ್ಹಾನ್ಸ್ ಅಥವಾ ನಿಮ್ಹಾನ್ಸ್‌ಗೆ ಪತ್ರ ಬರೆಸಿಕೊಂಡು ಹೋಗಿ. ವಾರವಾರದ ಕೆಲಸ ಹತ್ತಿರದಲ್ಲೇ ಇರಲಿ; ದೂರದ ಚಿಕಿತ್ಸೆ ಎರಡು ತಿಂಗಳಿಗೆ ನಿಂತುಹೋಗುತ್ತದೆ.

ಫಿಟ್ಸ್ ಬಂದಾಗ ಆಕೆಯ ಒಪ್ಪಿಗೆ ಮೊದಲೇ ಪಡೆದು ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಕಣ್ಣು ಮುಚ್ಚಿದ್ದವೋ ತೆರೆದಿದ್ದವೋ, ತಲೆ ಆ ಕಡೆ ಈ ಕಡೆ ಆಡುತ್ತಿತ್ತೋ, ಎಷ್ಟು ನಿಮಿಷ, ನಾಲಿಗೆಯ ಪಕ್ಕ ಕಚ್ಚಿಕೊಂಡಿದ್ದಳೋ, ಇಷ್ಟು ಕಾಣಬೇಕು. ಕಣ್ಣು ಬಿಗಿಯಾಗಿ ಮುಚ್ಚಿ ಬಹಳ ಹೊತ್ತು ನಡೆದರೆ ಮನಸ್ಸಿನ ಫಿಟ್ಸ್ ಕಡೆಗೆ ವಾಲುತ್ತದೆ. ಖಚಿತ ಮಾಡೋದು ವಿಡಿಯೋ ಇಇಜಿ (ವಿಡಿಯೋ ಜೊತೆಗೇ ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ). ಕೆಲವರಿಗೆ ಎರಡೂ ಇರುತ್ತವೆ. ಈಗಾಗಲೇ ಫಿಟ್ಸ್ ಗುಳಿಗೆ ನಡೆಯುತ್ತಿದ್ದರೆ ‘ಇದು ಮನಸ್ಸಿಂದಂತೆ’ ಅಂತ ನೀವೇ ನಿಲ್ಲಿಸಬೇಡಿ. ದಿಢೀರನೆ ಬಿಟ್ಟರೆ ನಿಜವಾದ ಫಿಟ್ಸ್ ಬರಬಹುದು. ಕೈಗೆ ಕಬ್ಬಿಣ, ಮೂಗಿಗೆ ಉಳ್ಳಾಗಡ್ಡಿ ಬೇಕಿಲ್ಲ. ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108.

ಪ್ರಶ್ನೆ, ಸಿರುಗುಪ್ಪದಿಂದ:
ಮೇಡಂ, ತಲಿಯೊಳಗ ದನಿ ಕೇಳ್ತಾವ ಅಂದ್ರ ಸ್ಕಿಜೋಫ್ರೇನಿಯಾ ಅಂತ ಗುಳಿಗಿ ಕೊಟ್ಟಾರ. ಕಡಿಮಿ ಆಗಿಲ್ಲ. ಇದೂ ಡಿಐಡಿ ಏನ್ರಿ?

ಉತ್ತರ, ಮನೋವೈದ್ಯರು:
ದನಿಯೊಂದರಿಂದ ತೀರ್ಮಾನ ಆಗೋದಿಲ್ಲ. ಡಿಐಡಿಯಲ್ಲಿ ದನಿ ಸಾಮಾನ್ಯವಾಗಿ ತಲೆಯೊಳಗೇ ಇರುತ್ತದೆ, ಚಿಕ್ಕಂದಿನಿಂದ ಇರುತ್ತದೆ, ಮಗುವಿನದೋ ಬೈಯುವವರದೋ ಅಂತ ಗುರುತು ಇರುತ್ತದೆ, ಜೊತೆಗೆ ನೆನಪಿನ ಗ್ಯಾಪ್ ಇರುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಯೋಚನೆಯ ಕೊಂಡಿ ತಪ್ಪೋದು, ಅಲುಗದ ಸಂಶಯ ಹೆಚ್ಚು. ಗುಳಿಗೆ ಬಿಡದೆ, ‘ಡಿಸೋಸಿಯೇಶನ್ ಪರೀಕ್ಷೆ ಮಾಡ್ತೀರಾ’ ಅಂತ ಕೇಳಿ; ನೆನಪು, ‘ನಾನು’ ಅನ್ನೋ ಅರಿವು ಕಳಚಿಕೊಳ್ಳೋದಕ್ಕೆ ಡಿಸೋಸಿಯೇಶನ್ ಅಂತಾರೆ. ಡಿಇಎಸ್ ಅಂತ 28 ಪ್ರಶ್ನೆಗಳ ಪಟ್ಟಿ ಇದೆ, ಸರಾಸರಿ 100ಕ್ಕೆ 30 ದಾಟಿದರೆ ಇನ್ನೂ ಆಳವಾಗಿ ವಿಚಾರಿಸಬೇಕು ಅಂತ ಅರ್ಥ, ರೋಗ ಸಾಬೀತು ಅಂತಲ್ಲ. ಮೊಬೈಲಿನಲ್ಲಿ ತುಂಬಿ ತಾವೇ ಹೆಸರಿಟ್ಟುಕೊಳ್ಳುವವರು ಈಚೆಗೆ ಬಹಳ.

ಇನ್ನೊಂದು ಮಾತು. ಗಾಬರಿ, ನಿದ್ದೆಗೆ ಕೊಡುವ ಕ್ಲೋನಜೆಪಾಮ್, ಆಲ್ಪ್ರಜೋಲಾಮ್ ಥರದ ಗುಳಿಗೆ ತಿಂಗಳುಗಟ್ಟಲೆ ನಡೆಯುತ್ತಿದ್ದರೆ ಡಾಕ್ಟರಿಗೆ ನೆನಪಿಸಿ. ಮಂಪರು ಮತ್ತು ಮರೆವನ್ನು ಅವೇ ಹೆಚ್ಚಿಸಬಹುದು. ಇವನ್ನೂ ನಿಧಾನಕ್ಕೆ ಇಳಿಸಬೇಕು, ಒಮ್ಮೆಲೆ ಅಲ್ಲ.

ಪ್ರಶ್ನೆ, ಮಾನ್ವಿಯಿಂದ (ಹೆಸರು ಬೇಡ):
ನನಗೇ ಡಿಐಡಿ ಅಂತ ಹೇಳಿದ್ದಾರೆ, ಶಾಲೆಯಲ್ಲಿ ಕೆಲಸ. ಥೆರಪಿ ಶುರುವಾಗಿದೆ, ಮುಂದಿನ ಭೇಟಿ 15 ದಿನಕ್ಕೆ. ಅಲ್ಲಿತನಕ ದಿನ ತಳ್ಳೋದು ಹೇಗೆ? ಯೂಟ್ಯೂಬ್ ನೋಡಿ ಕಣ್ಣು ಮುಚ್ಚಿ ಧ್ಯಾನ ಮಾಡಿದರೆ ಇನ್ನೂ ಜಾಸ್ತಿ ಕಳೆದುಹೋಗ್ತೀನಿ.

ಉತ್ತರ, ಕ್ಲಿನಿಕಲ್ ಸೈಕಾಲಜಿಸ್ಟ್:
ಅಕ್ಕಾ, ಕಣ್ಣು ಮುಚ್ಚಿದ ಧ್ಯಾನ ನಿಲ್ಲಿಸಿ. ಒಳಗೆ ಜಾರುವ ಮನಸ್ಸಿಗೆ ಒಳಗೇ ನೋಡು ಅಂದರೆ ಜಾರುತ್ತದೆ. ಭಸ್ತ್ರಿಕಾ ಥರದ ಜೋರು ಉಸಿರೂ ಬೇಡ, ತಲೆ ಹಗುರಾಗಿ ಅದೇ ಕಳಚಿದ ಭಾವ ಬರುತ್ತದೆ. ನಿಮಗೆ ಬೇಕಾದ್ದು ಕಣ್ಣು ತೆರೆದು ಹೊರಗೆ ಕಾಲೂರೋದು.

ಜಾರುವ ಮೊದಲ ಗುರುತು ನಿಮ್ಮದೇ ಒಂದು ಇರುತ್ತದೆ. ದನಿಗಳು ದೂರ ಆಗೋದು, ಕೈ ತನ್ನದಲ್ಲ ಅನಿಸೋದು, ಹಣೆ ಬಿಗಿಯೋದು. ಅದು ಬಂದ ಕೂಡಲೇ ಎರಡೂ ಅಂಗಾಲು ನೆಲಕ್ಕೆ ಒತ್ತಿ, ಗಟ್ಟಿಯಾಗಿ ಹೇಳಿಕೊಳ್ಳಿ: ಇವತ್ತು ಇಂಥ ವಾರ, ಇಂಥ ವರ್ಷ, ನಾನು ಮಾನ್ವಿಯಲ್ಲಿದ್ದೀನಿ, ನನಗೆ ಇಷ್ಟು ವಯಸ್ಸು. ವರ್ಷ ಮತ್ತು ವಯಸ್ಸು ಬಿಡಬೇಡಿ; ಒಳಗಿನ ಒಂದು ಭಾಗ ಇನ್ನೂ ಹಳೆಯ ವರ್ಷದಲ್ಲೇ ಸಿಕ್ಕಿಕೊಂಡಿರುತ್ತದೆ. ಆಮೇಲೆ ಕಾಣುವ ಐದು ವಸ್ತು, ಮುಟ್ಟಿದ ನಾಲ್ಕು, ಕೇಳುವ ಮೂರು. ಸಾಲದಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್ ಅರ್ಧ ನಿಮಿಷ ಹಿಡಿಯಿರಿ, ಕರ್ಪೂರ ಅಥವಾ ನಿಂಬೆಸಿಪ್ಪೆ ಮೂಸಿ. ಯಾವುದಾದರೂ ವಾಸನೆ ಹಳೆಯ ಘಟನೆ ತರುತ್ತಿದ್ದರೆ ಅದನ್ನು ಪಟ್ಟಿಯಿಂದ ತೆಗೆಯಿರಿ. ಚೆನ್ನಾಗಿದ್ದಾಗ ದಿನಕ್ಕೆ ಮೂರು ಸಲ ರೂಢಿ ಮಾಡಿ, ಇಲ್ಲದಿದ್ದರೆ ಬೇಕಾದ ಹೊತ್ತಿಗೆ ಕೈಗೆ ಬರೋದಿಲ್ಲ.

100 ಪುಟದ ಒಂದೇ ನೋಟ್‌ಬುಕ್ ಇಡಿ, ಒಳಗಿನ ಎಲ್ಲರಿಗೂ ಸೇರಿ ಅದೊಂದೇ. ಎದ್ದಾಗ, ಊಟಕ್ಕೆ, ಮಲಗುವಾಗ ತಾರೀಖು, ಹೊತ್ತು, ಎಲ್ಲಿದ್ದೆ, ಏನು ಮಾಡಿದೆ, ಎರಡೇ ಸಾಲು. ಖಾಲಿ ಬಿದ್ದ ಹೊತ್ತು ಗೆರೆ ಎಳೆದು ಬಿಡಿ. ಬೇರೆ ಕೈಬರಹ ಕಂಡರೆ ಹರಿಯಬೇಡಿ, ಉತ್ತರ ಬರೆಯಿರಿ: ‘ಓದಿದೆ. ನಿನಗೆ ಏನು ಬೇಕು?’ ಹಳೆಯ ನೋವಿನ ವಿವರ ಅದರಲ್ಲಿ ಬರೆಯೋದು ಈಗ ಬೇಡ. ಒಬ್ಬರೇ ಇದ್ದಾಗ ಅದನ್ನು ತೆರೆದರೆ ಮುಚ್ಚೋದು ಕಷ್ಟ. ಥೆರಪಿಯಲ್ಲೂ ಕ್ರಮ ಹೀಗೇ: ಮೊದಲು ಸುರಕ್ಷತೆ, ನಿದ್ದೆ, ದಿನಚರಿ, ಅದಾದ ಮೇಲೆ ನೆನಪಿನ ಕೆಲಸ, ಕೊನೆಗೆ ಭಾಗಗಳು ಒಂದಾಗೋದು ಅಥವಾ ಹೊಂದಿಕೊಂಡು ಬಾಳೋದು. ಎರಡನೆಯದಕ್ಕೆ ಅವಸರವಾಗಿ ಹಾರಿದರೆ ಕೈ ಕೊಯ್ದುಕೊಳ್ಳೋದು ಹೆಚ್ಚುತ್ತದೆ, ನಿದ್ದೆ ಹೋಗುತ್ತದೆ, ಕೆಲಸಕ್ಕೆ ರಜೆ ಬೀಳುತ್ತದೆ. ಹಾಗಾದರೆ ‘ನಿಧಾನ ಮಾಡಿ’ ಅನ್ನೋದು ನಿಮ್ಮ ಹಕ್ಕು. ಸಂಮೋಹನ ಮಾಡಿ ಮರೆತದ್ದನ್ನೆಲ್ಲ ಹೊರಗೆ ತೆಗೀತೀವಿ ಅನ್ನುವವರ ಹತ್ತಿರ ಹೋಗಬೇಡಿ, ನಡೆಯದ್ದೂ ನಡೆದಂತೆ ನೆನಪು ಹುಟ್ಟಬಹುದು.

ಗ್ಯಾಪ್ ಬೀಳುವಷ್ಟು ದಿನ ಸ್ಕೂಟಿ ಬೇಡ. ಯುಪಿಐ ದಿನದ ಮಿತಿ ಇಳಿಸಿ. ಪರ್ಸಿನಲ್ಲಿ ಹೆಸರು, ಮನೆಯವರ ನಂಬರ್ ಬರೆದ ಚೀಟಿ ಇರಲಿ.

ಉತ್ತರ, ಮನೋಸಾಮಾಜಿಕ ಕಾರ್ಯಕರ್ತೆ:
ಒಂದು ಸೇರಿಸ್ತೀನ್ರಿ. ಹತ್ತಿ, ಮೆಣಸಿನಕಾಯಿ ಬೆಳೆಯುವ ಮನೆಗಳಲ್ಲಿ ಕ್ರಿಮಿನಾಶಕದ ಡಬ್ಬಿ ಮಂಚದ ಕೆಳಗೇ ಇರುತ್ತದೆ. ಮೊದಲ ಕೆಲಸ, ಅದನ್ನು ಮನೆಯಿಂದ ಹೊರಗೆ ಬೀಗದಲ್ಲಿಡೋದು, ಕೀಲಿ ಬೇರೆಯವರ ಹತ್ತಿರ. ಗುಳಿಗೆ ಒಂದು ವಾರದ್ದಷ್ಟೇ ಮನೆಯಲ್ಲಿ. ಸಾಯುವ ಮಾತು ಬಂದರೆ ಕಾಯಬೇಡಿ: ಟೆಲಿ ಮಾನಸ್ 14416, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹೊಡೆಯುವವರು ಇನ್ನೂ ಅದೇ ಮನೆಯಲ್ಲಿದ್ದರೆ ಯಾವ ಥೆರಪಿಯೂ ನೆಲೆ ನಿಲ್ಲೋದಿಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಹಿಂಸೆಗೆ ಸಿಕ್ಕ ಹೆಂಗಸರಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರದ ದಾರಿ ತೋರಿಸ್ತಾರೆ.

ಪ್ರಶ್ನೆ, ಗಂಗಾವತಿಯಿಂದ:
ಸಣ್ಣ ಹುಡುಗಿ ಆಗಿ ಬಂದಾಗ ನಾವೂ ಹಂಗ ಮಾತಾಡಬೇಕೇನ್ರಿ? ಬೈಯುವಾಕೀನ ಹೋಗು ಅಂತ ಓಡಿಸಬೇಕೋ? ಆಸ್ಪತ್ರಿ ಅಂದ್ರ ಆಕೀನ ಬರವಲ್ಲಳು.

ಉತ್ತರ, ಕ್ಲಿನಿಕಲ್ ಸೈಕಾಲಜಿಸ್ಟ್:
ಅಣ್ಣಾ, ಸಣ್ಣ ಹುಡುಗಿಗೆ ಮೆತ್ತಗೆ ಮಾತಾಡಿ, ಆದರೆ ಆಟ ಕಟ್ಟಬೇಡಿ. ಚಾಕೊಲೇಟ್ ಕೊಟ್ಟು ಮತ್ತೆ ಮತ್ತೆ ಕರೆಯೋದು, ನೆಂಟರಿಗೆ ತೋರಿಸೋದು, ನೀವೇ ಹೊಸ ಹೆಸರಿಡೋದು ಒಡಕನ್ನು ಗಟ್ಟಿ ಮಾಡುತ್ತದೆ. ‘ನೀನು ಇಲ್ಲಿ ಸುರಕ್ಷಿತ, ನಾನು ನಿಮ್ಮಣ್ಣ, ಈಗ ನಾವು ಗಂಗಾವತಿಯಲ್ಲಿದ್ದೀವಿ’ ಅಷ್ಟು ಸಾಕು. ಯಾವ ಭಾಗ ಏನೇ ಮಾಡಿದರೂ ಜವಾಬ್ದಾರಿ ತಂಗಿ ಪೂರ್ತಿಯದು. ‘ಅದು ನಾನಲ್ಲ’ ಅನ್ನೋದಕ್ಕೆ ಬೈಯಲೂ ಬೇಡಿ, ಹೂಂ ಅನ್ನಲೂ ಬೇಡಿ.

ಬೈಯುವ ಭಾಗವನ್ನು ಓಡಿಸಲು ಹೋದರೆ ಅದು ಇನ್ನೂ ಜೋರಾಗುತ್ತದೆ. ಬಹಳ ಸಲ ಅದೇ ಮನೆ ಕಾಯುವ ಭಾಗ, ಯಾರನ್ನೂ ಹತ್ತಿರ ಬಿಡದಿರೋದೇ ಅದರ ಕೆಲಸ. ಆಸ್ಪತ್ರೆ ಬೇಡ ಅನ್ನೋದೂ ಅದಕ್ಕೇ. ಅದರ ಹತ್ತಿರವೇ ನೇರ ಮಾತಾಡಿ: ‘ಏನಾದರೆ ಭಯ? ಅಲ್ಲಿ ಯಾವುದನ್ನು ಕೇಳಬಾರದು?’ ಬಂದ ಉತ್ತರವನ್ನು ಹಾಗೇ ಚೀಟಿಯಲ್ಲಿ ಬರೆದು ಮೊದಲ ದಿನ ಡಾಕ್ಟರ ಕೈಗೆ ಕೊಡಿ. ಮೊದಲ ಭೇಟಿಯಲ್ಲಿ ಹಳೆಯ ಘಟನೆ ಕೇಳೋದು ಬೇಡ, ನಿದ್ದೆ ಮತ್ತು ನೆನಪಿನ ಗ್ಯಾಪ್ ಅಷ್ಟೇ ಮಾತಾಡೋಣ ಅಂತ ಮುಂಚೆಯೇ ಹೇಳಿಟ್ಟರೆ, ಸಾಮಾನ್ಯವಾಗಿ ಆಕೆಯೂ ಆಟೋ ಹತ್ತುತ್ತಾಳೆ.