ಪ್ರಶ್ನೋತ್ತರ: ಟರ್ನ್‌ಟೇಬಲ್‌ಗೆ ಕಡಿಮೆ ಬೆಲೆಯ ಫೋನೋ ಪ್ರಿಆಂಪ್

ಪ್ರಶ್ನೆ (ತುಮಕೂರು, ಎಸ್.ಎಸ್.ಪುರಂ): ನಮಸ್ತೆ ಸರ್. ಆಡಿಯೊ-ಟೆಕ್ನಿಕಾ ಎಲ್‌ಪಿ120ಎಕ್ಸ್ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಇದೆ, ಅದರ ಜೊತೆ ಬಂದ ವಿಎಂ95ಇ ಕಾರ್ಟ್ರಿಜ್ಜೇ (ಮುಳ್ಳು ಕೂರೋ ಭಾಗ) ಹಾಕಿದೀನಿ. ಆಂಪ್ಲಿಫೈಯರ್‌ನಲ್ಲಿ ಫೋನೋ ಇನ್‌ಪುಟ್ ಇಲ್ಲ, ಆಕ್ಸ್ ಮಾತ್ರ. ಕಡಿಮೆ ಬೆಲೆಗೆ ಯಾವ ಪ್ರಿಆಂಪ್ ತಗೋಬಹುದು?

ಉತ್ತರ: ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ. ಮುಳ್ಳಿನ ಸಣ್ಣ ಸಿಗ್ನಲ್ಲನ್ನ ಆಂಪ್ಲಿಫೈಯರ್‌ಗೆ ಸಾಕಾಗೋಷ್ಟು ಹಿಗ್ಗಿಸೋ ಪ್ರಿಆಂಪ್ ನಿಮ್ಮ ಟರ್ನ್‌ಟೇಬಲ್ ಒಳಗೇ ಇದೆ. ಫೋನೋ–ಲೈನ್ ಅಂತ ಇರೋ ಸ್ವಿಚ್ಚನ್ನ ಲೈನ್‌ಗೆ ಹಾಕಿ, ನೇರ ಆಕ್ಸ್‌ಗೆ ಕೊಟ್ಟು ಕೇಳಿ. ತೃಪ್ತಿಯಾದರೆ ಅಲ್ಲಿಗೇ ಮುಗೀತು. ಹೊರಗಿನ ಪ್ರಿಆಂಪ್ ತಂದರೆ ಅದೇ ಸ್ವಿಚ್ಚು ಫೋನೋದಲ್ಲಿರಬೇಕು. ಎರಡೂ ಪ್ರಿಆಂಪ್ ಒಟ್ಟಿಗೆ ಕೆಲಸ ಮಾಡಿದರೆ ಬೇಸ್ ಬುಡುಬುಡು ಅಂತ ಊದಿಕೊಂಡು ಹಾಡು ಒಡೆಯುತ್ತೆ. ಒಂದೂ ಇಲ್ಲದಿದ್ದರೆ ಬರೀ ಕಿಚಿಕಿಚಿ, ಅದೂ ಸಣ್ಣಗೆ.

ಪ್ಲೇಟು (ರೆಕಾರ್ಡ್) ಕೊರೆಯುವಾಗಲೇ ಬೇಸ್ ತಗ್ಗಿಸಿ ಟ್ರೆಬಲ್ ಏರಿಸಿರುತ್ತಾರೆ, ಅದಕ್ಕೇ ಹೀಗೆ. ಪ್ರಿಆಂಪ್ ಅದನ್ನ ತಿರುಗಾಮುರುಗಾ ಮಾಡಬೇಕು: 1 ಕಿಲೋಹರ್ಟ್ಸ್‌ಗೆ ಹೋಲಿಸಿದರೆ 20 ಹರ್ಟ್ಸ್‌ನಲ್ಲಿ ಸುಮಾರು 19 ಡಿಬಿ (ಡೆಸಿಬೆಲ್) ಜಾಸ್ತಿ, 20 ಕಿಲೋಹರ್ಟ್ಸ್‌ನಲ್ಲಿ ಸುಮಾರು 20 ಡಿಬಿ ಕಮ್ಮಿ. ಇದೇ ಆರ್‌ಐಎಎ ಕರ್ವ್. ಜೊತೆಗೆ ಸಿಗ್ನಲ್ಲನ್ನ ನೂರು ಪಟ್ಟು, ಅಂದರೆ 40 ಡಿಬಿ, ಹಿಗ್ಗಿಸಬೇಕು. ವಿಎಂ95ಇ ಕೊಡೋದು 4 ಮಿಲಿವೋಲ್ಟ್. ನೂರು ಪಟ್ಟಾದರೆ 0.4 ವೋಲ್ಟ್, ಆಕ್ಸ್‌ಗೆ ಸಾಕು. ಸಿಡಿ ಪ್ಲೇಯರ್ 2 ವೋಲ್ಟ್ ತನಕ ಕೊಡುತ್ತೆ, ಹಾಗಾಗಿ ಎಲ್‌ಪಿಗೆ ವಾಲ್ಯೂಮ್ ಜಾಸ್ತಿ ತಿರುಗಿಸಬೇಕಾಗುತ್ತೆ. ಅದು ದೋಷ ಅಲ್ಲ.

ಪ್ರಶ್ನೆ (ಅವರೇ): ಲೈನ್‌ನಲ್ಲಿ ಕೇಳಿದೆ ಸರ್. ಪರವಾಗಿಲ್ಲ, ಆದರೆ ಹಾಡೋರ ‘ಸ’ ‘ಶ’ ಸ್ವಲ್ಪ ಚುಚ್ಚುತ್ತೆ. ಬೇರೆ ತಗೊಂಡರೆ ಏನು ನೋಡಿ ಆರಿಸಲಿ?

ಉತ್ತರ: ಪ್ರಿಆಂಪ್‌ಗೆ ಕೈ ಹಾಕೋ ಮೊದಲು ಮುಳ್ಳಿನ ಧೂಳು, ಕಾರ್ಟ್ರಿಜ್ ಕೂತಿರೋ ಕೋನ, 2 ಗ್ರಾಂ ಭಾರ, ಈ ಮೂರನ್ನೂ ಸರಿಮಾಡಿ. ‘ಸ’ ಸೀಳೋದು ಹೆಚ್ಚಾಗಿ ಅಲ್ಲಿಂದಲೇ.

ಆಮೇಲೆ ಕೆಪಾಸಿಟೆನ್ಸ್, ಅಂದರೆ ವೈರು, ಸರ್ಕ್ಯೂಟು ವಿದ್ಯುತ್ತನ್ನ ಹಿಡಿದಿಡೋ ಗುಣ; ಅಳೆಯೋದು ಪಿಕೋಫ್ಯಾರಡ್‌ನಲ್ಲಿ. ಅಗ್ಗದ ಪೆಟ್ಟಿಗೆ ಕೊಳ್ಳೋರು ಯಾರೂ ಇದನ್ನ ನೋಡಲ್ಲ, ನನ್ನ ಪ್ರಕಾರ ಬ್ರ್ಯಾಂಡ್‌ಗಿಂತ ಇದೇ ಮುಖ್ಯ. ವಿಎಂ95ಇ ಕೇಳೋ ಲೋಡ್ 47 ಕಿಲೋಓಮ್, 100ರಿಂದ 200 ಪಿಕೋಫ್ಯಾರಡ್. ಕೇಬಲ್ ಒಂದು ಮೀಟರಿಗೆ ಹತ್ತಿರಹತ್ತಿರ 100 ಸೇರಿಸುತ್ತೆ, ಆರ್ಮ್ ಒಳಗಿನ ವೈರಿನದು ಬೇರೆ. ಅದರ ಮೇಲೆ ಪ್ರಿಆಂಪ್ ಇನ್ನೊಂದು 220 ಸೇರಿಸಿದರೆ ಒಟ್ಟು 350 ದಾಟುತ್ತೆ. ಕಾರ್ಟ್ರಿಜ್‌ನ ಕಾಯಿಲ್ 550 ಮಿಲಿಹೆನ್ರಿ. 200 ಪಿಕೋಫ್ಯಾರಡ್ ಜೊತೆ ಅದು ಅನುರಣಿಸೋದು 15 ಕಿಲೋಹರ್ಟ್ಸ್ ಆಸುಪಾಸು, 400 ಆದರೆ 11ಕ್ಕಿಂತ ಕೆಳಗೆ ಇಳಿಯುತ್ತೆ. ಅನುರಣನದಿಂದ ಟ್ರೆಬಲ್‌ನಲ್ಲಿ ಏಳೋ ಉಬ್ಬು ಹಾಗೆ ಕೆಳಗಿಳಿದಾಗಲೇ ‘ಸ’ ಚುಚ್ಚೋದು. ಆರ್ಟೋಫಾನ್ 2ಎಂ ರೆಡ್ ಕಾರ್ಟ್ರಿಜ್ ಆಗಿದ್ದರೆ 150ರಿಂದ 300 ತನಕ ನಡೆಯುತ್ತೆ, ಅದಕ್ಕೆ ಬೇರೆ ಲೆಕ್ಕ.

ಎಆರ್‌ಟಿ ಡಿಜೆ ಪ್ರಿ 2 ಅನ್ನೋ ಪ್ರಿಆಂಪ್‌ನಲ್ಲಿ 100/200 ಪಿಕೋಫ್ಯಾರಡ್ ಸ್ವಿಚ್ಚು, ಎಷ್ಟು ಹಿಗ್ಗಿಸಬೇಕು ಅಂತ ತಿರುಗಿಸೋ ಗೇನ್ ನಾಬ್, ತೀರಾ ಕೆಳಗಿನ ಕಂಪನ ಕತ್ತರಿಸೋ ಲೋ-ಕಟ್ ಫಿಲ್ಟರ್ ಇವೆ. ನಿಮಗೆ ಅದನ್ನೇ ಹೇಳ್ತೀನಿ. 100ಕ್ಕೆ ಇಟ್ಟು, ಕೇಬಲ್ ಮೀಟರಿಗಿಂತ ಉದ್ದ ಬೇಡ. ಸೊಟ್ಟಗಾದ ಪ್ಲೇಟು ಹಾಕಿದಾಗ ವೂಫರ್ ಸದ್ದಿಲ್ಲದೆ ಹಿಂದೆ ಮುಂದೆ ಓಡಾಡಿದರೆ ಲೋ-ಕಟ್ ಒತ್ತಿ. ಬೆರಿಂಗರ್ ಪಿಪಿ400 ಪ್ರಿಆಂಪ್ ಚಿಕ್ಕದು, ಸರಳ. ಆದರೆ ಒಳಗೇ ಪ್ರಿಆಂಪ್ ಇರೋ ನಿಮಗೆ ಅದರಿಂದ ದೊಡ್ಡ ಲಾಭ ಇಲ್ಲ. 5 ವೋಲ್ಟ್ ಯುಎಸ್‌ಬಿಯಲ್ಲಿ ನಡೆಯೋ ಹೆಸರಿಲ್ಲದ ಡಬ್ಬಿಗಳು ಬೇಡವೇ ಬೇಡ. 2ಎಂ ರೆಡ್‌ನ 5.5 ಮಿಲಿವೋಲ್ಟ್ ನೂರು ಪಟ್ಟಾದರೆ 0.55, ಪ್ಲೇಟಿನ ಜೋರು ಭಾಗ ಅದರ ನಾಲ್ಕು ಪಟ್ಟು ಏರಿದರೆ 2.2 ವೋಲ್ಟ್. ಇದು ಆರ್‌ಎಂಎಸ್ ಲೆಕ್ಕ, ಅಲೆಯ ಮೇಲ್ತುದಿಯಿಂದ ಕೆಳತುದಿಗೆ ಅಳೆದರೆ 6 ವೋಲ್ಟ್ ದಾಟುತ್ತೆ. ವೋಲ್ಟೇಜು ಏರಿಸೋ ಸರ್ಕ್ಯೂಟ್ ಒಳಗಿಲ್ಲದಿದ್ದರೆ 5 ವೋಲ್ಟ್ ಸಪ್ಲೈ ಅಷ್ಟು ಕೊಡಲಾರದು, ತಾರಸ್ಥಾಯಿಯಲ್ಲಿ ಕರಕರ ಅನ್ನುತ್ತೆ.

ಹೊರದೇಶದಿಂದ ತರಿಸೋದಾದರೆ ಅಡಾಪ್ಟರ್ 120 ವೋಲ್ಟಿನದೋ 230ರದೋ ನೋಡಿ. ಔಟ್‌ಪುಟ್ ಎಸಿಯೋ ಡಿಸಿಯೋ ಅಂತ ಅದರ ಮೈಮೇಲೇ ಬರೆದಿರುತ್ತೆ. ಪಿನ್ ಕೂತಿತು ಅಂತ ಯಾವುದೋ ಅಡಾಪ್ಟರ್ ಚುಚ್ಚಬೇಡಿ.

ಪ್ರಶ್ನೆ (ತಿಪಟೂರು): ಅಣ್ಣ, ಪಿಪಿ400 ಹಾಕಿದ ಮೇಲೆ ಗುಂಯ್ ಅಂತ ಸದ್ದು. ಕರೆಂಟ್ ಹೋಗಿ ಯುಪಿಎಸ್ ಮೇಲೆ ಬಂದರೆ ಇನ್ನೂ ಜೋರು. ಪೀಸೇ ಕೆಟ್ಟಿದೆಯಾ?

ಉತ್ತರ: ಇರಲಾರದು. ಮುಳ್ಳು ಎತ್ತಿ, ವಾಲ್ಯೂಮ್ ಸೊನ್ನೆಗೆ ತಂದು, ಟರ್ನ್‌ಟೇಬಲ್‌ನಿಂದ ಬರೋ ಎರಡೂ ಆರ್‌ಸಿಎ ಪಿನ್ನನ್ನ ಪ್ರಿಆಂಪ್‌ನಿಂದ ಕೀಳಿ, ಆಮೇಲೆ ವಾಲ್ಯೂಮ್ ಏರಿಸಿ ಕೇಳಿ. ಸದ್ದು ನಿಂತರೆ ತಪ್ಪು ಟರ್ನ್‌ಟೇಬಲ್ ಕಡೆ: ಅರ್ಥ್ ವೈರ್ ಪ್ರಿಆಂಪ್‌ನ ಗ್ರೌಂಡ್ ಸ್ಕ್ರೂಗೆ ಬಿಗಿಯಾಗಿ ಕೂತಿರಲ್ಲ. ಆರ್ಮ್ ಪ್ಲೇಟಿನ ಒಳಸುತ್ತಿಗೆ ಹೋದಂತೆ ಸದ್ದು ಏರಿದರೆ ಮೋಟಾರಿನದೋ ಪಕ್ಕದ ಟ್ರಾನ್ಸ್‌ಫಾರ್ಮರಿನದೋ ಕಾಂತಕ್ಷೇತ್ರ ಕಾರ್ಟ್ರಿಜ್‌ಗೆ ಬೀಳ್ತಿದೆ. ಟರ್ನ್‌ಟೇಬಲ್ಲನ್ನ ಆಂಪ್ಲಿಫೈಯರ್‌ನಿಂದ ಎರಡಡಿ ದೂರ ಇಡಿ. ಆಂಪ್ಲಿಫೈಯರ್ ಮೇಲೆ ಇಟ್ಟಿದ್ದರಂತೂ ಮೊದಲು ಇಳಿಸಿ. ಒಂದೇ ಚಾನಲ್ ಗುಂಯ್‌ಗುಟ್ಟಿದರೆ ಹೆಡ್‌ಶೆಲ್‌ನ (ಆರ್ಮ್ ತುದಿಯಲ್ಲಿ ಕಾರ್ಟ್ರಿಜ್ ಕೂರೋ ಜಾಗ) ಪಿನ್ ಸಡಿಲ. ಎಡಕ್ಕೆ ಬಿಳಿ ಪ್ಲಸ್, ನೀಲಿ ಮೈನಸ್. ಬಲಕ್ಕೆ ಕೆಂಪು ಪ್ಲಸ್, ಹಸಿರು ಮೈನಸ್.

ಪಿನ್ ಕಿತ್ತರೂ ಸದ್ದು ಹಾಗೇ ಇದ್ದರೆ ಅಡಾಪ್ಟರ್ ಅಥವಾ ಅರ್ಥಿಂಗ್. ಪಿಪಿ400ಗೆ ಬೇಕಿರೋದು 12 ವೋಲ್ಟ್ ಡಿಸಿ. ಕಂಪ್ಯೂಟರ್ ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಸಿಕ್ಕರೆ ಸರಣಿಯಲ್ಲಿ ಅರ್ಧ ಆಂಪಿಯರ್ ಫ್ಯೂಸ್ ಹಾಕಿ, ಪ್ಲಸ್–ಮೈನಸ್ ಮಲ್ಟಿಮೀಟರ್‌ನಲ್ಲಿ ಖಚಿತ ಮಾಡಿಕೊಂಡು ಅದರಿಂದ ಓಡಿಸಿ. ಆಗ ಮೌನವಾದರೆ ಕಳ್ಳ ಅಡಾಪ್ಟರೇ. ಯುಪಿಎಸ್ ಮೇಲೆ ಜೋರಾಗೋದಕ್ಕೆ ಕಾರಣ ಅದರ ಸ್ಕ್ವೇರ್ ವೇವ್. ಸೈನ್ ವೇವ್ ಯುಪಿಎಸ್‌ನಲ್ಲಿ ಈ ರಗಳೆ ಬಹಳ ಕಮ್ಮಿ. ನ್ಯೂಟ್ರಲ್–ಅರ್ಥ್ ನಡುವೆ ಅಳೆದು ನೋಡಿ: ಒಂದೆರಡು ವೋಲ್ಟ್ ಸಹಜ, ಹತ್ತಿಪ್ಪತ್ತು ಬಂದರೆ ಎಲೆಕ್ಟ್ರಿಷಿಯನ್ ಕರೆಸಿ. ನಮ್ಮ ಕಡೆ ಬೇಸಿಗೆಗೆ ಅರ್ಥ್ ಗುಂಡಿ ಒಣಗಿರುತ್ತೆ, ಎರಡು ಬಿಂದಿಗೆ ನೀರು ಹೊಯ್ದು ಮತ್ತೆ ಅಳೆಯಿರಿ. ಸದ್ದು ಹೋಗಲಿ ಅಂತ ಆಂಪ್ಲಿಫೈಯರ್‌ನ ಅರ್ಥ್ ಪಿನ್ ಮಾತ್ರ ಕಿತ್ತುಬಿಡಬೇಡಿ, ಶಾಕ್ ಹೊಡೆದೀತು.

ಪ್ರಶ್ನೆ (ಗುಬ್ಬಿ): ನಮ್ಮ ಮಾವನವರ ಕಾಲದ ಎಚ್‌ಎಂವಿ ಸೂಟ್‌ಕೇಸ್ ಪ್ಲೇಯರ್ ಇದೆ. ಅದರ ಸ್ಪೀಕರ್ ಹೋಗಿದೆ. ಪ್ರಿಆಂಪ್ ಹಾಕಿ ಹೊರಗಿನ ಸ್ಪೀಕರ್‌ಗೆ ಕೊಡಬಹುದಾ?

ಉತ್ತರ: ಮೇಡಂ, ಫೋನೋ ಪ್ರಿಆಂಪ್ ಬೇಡ. ಇಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇರೋದು ಸೆರಾಮಿಕ್ ಅಥವಾ ಕ್ರಿಸ್ಟಲ್ ಕಾರ್ಟ್ರಿಜ್. ಅದು ನೂರಾರು ಮಿಲಿವೋಲ್ಟ್ ಕೊಡುತ್ತೆ, ಫೋನೋ ಪ್ರಿಆಂಪ್‌ಗೆ ಕೊಟ್ಟರೆ ಬರೀ ಗೊರಗೊರ. ನೇರ ಆಕ್ಸ್‌ಗೆ ಕೊಟ್ಟರೆ ಬೇಸ್ ಸಾಯುತ್ತೆ, ಯಾಕಂದರೆ ಅದಕ್ಕೆ ಬೇಕಿರೋದು 1 ಮೆಗಾಓಮ್‌ನಷ್ಟು ಲೋಡ್. ಗಿಟಾರ್ ಇನ್‌ಪುಟ್ ಇರೋ ಚಿಕ್ಕ ಮಿಕ್ಸರ್ ಇದ್ದರೆ ಅದಕ್ಕೆ ಕೊಟ್ಟು ನೋಡಿ, ಕೆಲಸ ಆಗುತ್ತೆ. ಅದರ ಮುಳ್ಳಿನ ಭಾರ ಜಾಸ್ತಿ, ಹೊಸ ಎಲ್‌ಪಿ ಹಾಕಬೇಡಿ, ಸವೆದುಹೋಗುತ್ತೆ.

ಪ್ರಶ್ನೆ (ಕುಣಿಗಲ್): ಬೆಂಗಳೂರಿನ ಎಸ್.ಪಿ. ರೋಡಿನಿಂದ ಸಾಮಾನು ತಂದು ನಾವೇ ಕಟ್ಟಿದರೆ?

ಉತ್ತರ: ಬೆಸುಗೆ ಬರುತ್ತೆ ಅಂದರೆ ಧಾರಾಳವಾಗಿ ಕಟ್ಟಿ. ಎನ್‌ಇ5532 ಐಸಿ ಒಂದರಲ್ಲೇ ಎರಡೂ ಚಾನಲ್ ಆಗುತ್ತೆ. ಆರ್‌ಐಎಎ ಭಾಗಕ್ಕೆ 1 ಶೇಕಡಾ ಮೆಟಲ್ ಫಿಲ್ಮ್ ರೆಸಿಸ್ಟರ್, ಫಿಲ್ಮ್ ಕೆಪಾಸಿಟರ್; ಅಲ್ಲಿ ಡಿಸ್ಕ್ ಸೆರಾಮಿಕ್ ಹಾಕಿದರೆ ಕೆಪಾಸಿಟೆನ್ಸ್ ಅಳತೆ ತಪ್ಪಿ ಎಡ–ಬಲ ಹೊಂದಲ್ಲ. 12-0-12 ಟ್ರಾನ್ಸ್‌ಫಾರ್ಮರ್, 7812, 7912 ರೆಗ್ಯುಲೇಟರ್‌ಗಳನ್ನ ಬೇರೆ ಡಬ್ಬಿಯಲ್ಲಿ ಒಂದಡಿ ದೂರ ಇಡಿ, ಪ್ರಿಆಂಪ್ ಬೋರ್ಡನ್ನ ಲೋಹದ ಡಬ್ಬಿಯೊಳಗೆ. ಪ್ಲಾಸ್ಟಿಕ್ ಡಬ್ಬಿಯಾದರೆ ಆಕಾಶವಾಣಿಯೂ ಜೊತೆಗೆ ಹಾಡಬಹುದು.