ಏರೋಸಾಲ್: ಹನಿ ಎನ್ನೋಣವೋ, ಹರಳು ಎನ್ನೋಣವೋ?

ಗೆಳೆಯರೇ, ನಮಸ್ಕಾರ.

ಎರಡು ವಾರದಿಂದ ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಹೈಸ್ಕೂಲು ಮಕ್ಕಳಿಗಾಗಿ ಕಡಲ ಮೇಲಿನ ಗಾಳಿಯ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕಡಲಿನಿಂದ ಗಾಳಿಗೆ ಏನೇನು ಏರುತ್ತದೆ, ಮೇಲೆ ಹೋದ ಮೇಲೆ ಅದಕ್ಕೆ ಏನಾಗುತ್ತದೆ, ಮೋಡಕ್ಕೂ ಅದಕ್ಕೂ ಏನು ನಂಟು, ಇಷ್ಟೇ ವಿಷಯ. ಮೊದಲ ಸಾಲಿನಲ್ಲೇ ‘ಏರೋಸಾಲ್’ ಬಂತು, ಅಂದರೆ ಗಾಳಿಯಲ್ಲಿ ತೇಲುವ ಅತಿಸಣ್ಣ ಕಣ. ಅದಕ್ಕೆ ಕನ್ನಡದಲ್ಲಿ ಏನೆನ್ನುವುದು? ಕೈ ನಿಂತಿತು.

ಸುಮ್ನೆ ಏರೋಸಾಲ್ ಅಂತಲೇ ಬರೆದರಾಯ್ತಲ್ವಾ ಎನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಮನೆಯಲ್ಲಿ ಕೇಳಿದರೆ ಸೊಳ್ಳೆಗೆ ಹೊಡೆಯುವ ಸ್ಪ್ರೇ ಡಬ್ಬಿ ಎಂದರು. ಸ್ವಲ್ಪ ಓದಿಕೊಂಡ ಗೆಳೆಯರೊಬ್ಬರು ‘ಓಝೋನ್ ತೂತು ಮಾಡಿದ್ದು ಅದೇ ತಾನೇ?’ ಎಂದರು. ಅಲ್ಲ. ಹಳೆಯ ಸ್ಪ್ರೇ ಡಬ್ಬಿಗಳಲ್ಲಿ ಒಳಗಿನದನ್ನು ಹೊರಗೆ ತಳ್ಳಲು ಕ್ಲೋರೋಫ್ಲೋರೋಕಾರ್ಬನ್ ತುಂಬುತ್ತಿದ್ದರು. ತಪ್ಪು ಆ ಗ್ಯಾಸಿನದು. ಅದು ಏರೋಸಾಲ್ ಅಲ್ಲವೇ ಅಲ್ಲ. ಡಬ್ಬಿಗೆ ಏರೋಸಾಲ್ ಎಂಬ ಹೆಸರು ಅಂಟಿಕೊಂಡಿದ್ದರಿಂದ ಗ್ಯಾಸಿನ ಕೆಟ್ಟ ಹೆಸರು ಈ ಪದಕ್ಕೂ ಬಂತು.

ಪದ ಹುಟ್ಟಿದ್ದು ಡಬ್ಬಿಗಿಂತ ಮೊದಲು, ಒಂದನೇ ಮಹಾಯುದ್ಧದ ಹೊತ್ತಿಗೆ. ನೀರಿನಲ್ಲಿ ಅತಿಸಣ್ಣ ಕಣಗಳು ತಳ ಸೇರದೆ ತೇಲುತ್ತಿದ್ದರೆ ಅದನ್ನು ರಸಾಯನದವರು ಹೈಡ್ರೋಸಾಲ್ ಎನ್ನುತ್ತಿದ್ದರು. ಗಾಳಿಯಲ್ಲಿ ತೇಲಿದರೆ? ಏರೋಸಾಲ್. ಲೆಕ್ಕದ ಪ್ರಕಾರ ಕಣಗಳಷ್ಟೇ ಅಲ್ಲ, ಅವನ್ನು ಹೊತ್ತ ಗಾಳಿಯೂ ಸೇರಿ ಏರೋಸಾಲ್. ಆದರೆ ಹವೆಯನ್ನು ಓದುವವರು ಮಾತಾಡುವಾಗ ಬರೀ ಕಣಕ್ಕೇ ಹಾಗೆನ್ನುತ್ತಾರೆ. ನಾನೂ ಆ ಅರ್ಥದಲ್ಲೇ ಕೇಳುತ್ತಿದ್ದೇನೆ.

ಈಗಾಗಲೇ ಕೈಗೆ ಸಿಕ್ಕ ಪದಗಳನ್ನು ಹೇಳಿಬಿಡುತ್ತೇನೆ. ಹಿಂದಿಯ ‘ವಾಯುವಿಲಯ’ವನ್ನು ಹಾಗೇ ತರಬಹುದು. ಆದರೆ ವಿಲಯ ಎಂದರೆ ನಮಗೆ ಬ್ಯಾಂಕುಗಳ ವಿಲೀನ ನೆನಪಾಗುತ್ತದೆ. ಗಾಳಿಯಲ್ಲಿ ಕರಗಿಹೋಯಿತು ಎಂಬ ಅರ್ಥ ಹೊಳೆಯುತ್ತದೆ. ಇಲ್ಲಿ ಕರಗುವುದಿಲ್ಲ, ತೇಲುತ್ತದೆ. ‘ವಾಯುಕಲಿಲ’ ಶಾಸ್ತ್ರಕ್ಕೆ ಸರಿ. ಆದರೆ ಕಲಿಲ ಎಂದರೆ ಒಂದರೊಳಗೆ ಇನ್ನೊಂದರ ಸಣ್ಣ ಕಣಗಳು ಕರಗದೆ ಹರಡಿರುವುದು ಎಂದು ಮೊದಲು ಹೇಳಬೇಕು, ಆಮೇಲೆ ವಾಯುಕಲಿಲ. ಮಕ್ಕಳು ಅಷ್ಟರಲ್ಲಿ ಪುಟ ತಿರುಗಿಸಿರುತ್ತಾರೆ. ‘ಗಾಳಿ’ಗೆ ‘ಕಣ’ ಸೇರಿಸಿ, ಮಳೆಗಾಲದ ಹಾಗೆ ‘ಗಾಳಿಗಣ’ ಎಂದು ಬರೆದು ನೋಡಿದೆ. ಭೂತಗಣದ ಸಂಬಂಧಿ ಥರ ಕಂಡಿತು, ಅಳಿಸಿದೆ. ಸದ್ಯಕ್ಕೆ ‘ತೇಲುಕಣ’ ಎಂದು ಬರೆದಿಟ್ಟಿದ್ದೇನೆ. ಮನಸ್ಸಿಗೆ ಪೂರ್ತಿ ಒಪ್ಪಿಲ್ಲ. ನೀರಿನ ಮೇಲೆ ತೇಲುವ ಪ್ಲಾಸ್ಟಿಕ್ ಚೂರಿಗೂ ಅದು ಹೊಂದುತ್ತದೆ.

‘ದೂಳು’ ಎಂದರೇನು ಕಷ್ಟ ಎಂದೂ ಒಬ್ಬರು ಕೇಳಿದರು. ಇದಕ್ಕೊಂದು ಚರಿತ್ರೆಯೇ ಇದೆ. ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ 1880ರ ಸುಮಾರಿಗೆ, ಗಾಳಿಯಲ್ಲಿ ದೂಳಿಲ್ಲದಿದ್ದರೆ ಮಂಜೂ ಇಲ್ಲ ಮೋಡವೂ ಇಲ್ಲ ಎಂದು ತೋರಿಸಿದಾಗ ಎಲ್ಲ ಕಣವನ್ನೂ ದೂಳು ಎಂದೇ ಕರೆದಿದ್ದರು. ಆಗ ಬೇರೆ ಪದ ಇರಲಿಲ್ಲ. ಆದರೆ ಕನ್ನಡದಲ್ಲಿ ದೂಳು ಒಣಗಿರಲೇಬೇಕು. ಒದ್ದೆಯಾದರೆ ಅದು ಕೆಸರು, ದೂಳಲ್ಲ. ಅರೇಬಿಯಾದ ಮರಳುಗಾಡಿನಿಂದ ಎದ್ದು ಅರಬ್ಬಿ ಸಮುದ್ರದ ಮೇಲೆ ಬರುವುದಕ್ಕೆ ದೂಳು ಎನ್ನಿ, ಚೆನ್ನಾಗಿ ಒಪ್ಪುತ್ತದೆ. ಕಡಲೇ ಹುಟ್ಟಿಸಿದ್ದಕ್ಕೆ ಒಪ್ಪುವುದಿಲ್ಲ.

ಕಡಲು ಹುಟ್ಟಿಸುವುದು ಹೇಗೆ? ತೆರೆ ಮುರಿದಾಗ ಗಾಳಿ ನೀರಿನೊಳಗೆ ಸಿಕ್ಕಿ ಗುಳ್ಳೆಗಳಾಗುತ್ತದೆ. ನೊರೆ ಎಂದರೆ ಅದೇ. ಗುಳ್ಳೆ ಮೇಲೆ ಬಂದು ಒಡೆಯುವಾಗ ಎರಡು ಸಂಗತಿ ನಡೆಯುತ್ತವೆ. ಮೊದಲು ನೆತ್ತಿಯ ತೆಳು ಪೊರೆ ಹರಿದು ಚೂರಾಗಿ, ಕಣ್ಣಿಗೆ ಕಾಣದ ಹನಿಗಳಾಗಿ ಹಾರುತ್ತದೆ. ಆಮೇಲೆ ಉಳಿದ ಗುಂಡಿ ಸುತ್ತಲಿಂದ ಮುಚ್ಚಿಕೊಳ್ಳುತ್ತದೆ. ನಡುವಿನಿಂದ ನೀರಿನದೊಂದು ಸಣ್ಣ ಕಡ್ಡಿ ಮೇಲೆ ಚಿಮ್ಮಿ, ತುದಿ ತುಂಡಾಗಿ, ಕೆಲವು ದೊಡ್ಡ ಹನಿಗಳನ್ನು ಎಸೆಯುತ್ತದೆ. ಗೋಲಿ ಸೋಡಾ ಲೋಟಕ್ಕೆ ಬಗ್ಗಿಸಿ ಮೂಗು ಹತ್ತಿರ ಹಿಡಿದರೆ ತಣ್ಣಗೆ ಚುಚ್ಚುತ್ತದಲ್ಲ, ಅವೇ ಎರಡನೇ ಬಗೆಯವು. ನಾನು ಮೊದಲನೆಯದನ್ನು ‘ಪೊರೆಹನಿ’, ಎರಡನೆಯದನ್ನು ‘ಚಿಮ್ಮುಹನಿ’ ಎಂದು ಬರೆದಿದ್ದೇನೆ. ಇವೆರಡೂ ನನಗೆ ಇಷ್ಟವಾಗಿವೆ, ಬಿಡುವುದಿಲ್ಲ. ಪೊರೆಹನಿಯಲ್ಲಿ ಉಪ್ಪಿನ ಜತೆ ಕಡಲ ಜೀವಿಗಳ ಜಿಡ್ಡೂ ಇರುತ್ತದೆ.

ಮೂರನೇ ಬಗೆಗೆ ಮಾತ್ರ ಪದ ಬೇಕು. ಬಿರುಗಾಳಿ ತೆರೆಯ ತಲೆಯನ್ನೇ ಕಿತ್ತು ಎರಚುತ್ತದೆ. ಗುಳ್ಳೆಯ ಹಂಗೇ ಇಲ್ಲ. ಮಳೆಗಾಲದಲ್ಲಿ ಗಾಳಿ ತಿರುಗಿದಾಗ ಜಗುಲಿಯೊಳಕ್ಕೆ ನೀರು ಹೊಡೆಯುತ್ತದಲ್ಲ, ಅದಕ್ಕೆ ನಮ್ಮಲ್ಲಿ ‘ಎರಚಲು’ ಎನ್ನುತ್ತೇವೆ. ಅದನ್ನೇ ಕಡಲಿಗೂ ಹಚ್ಚಬಹುದು ಅನಿಸಿತು. ಜೋಡಿಸಿ ‘ಕಡಲೆರಚಲು’ ಎಂದು ಬರೆದೆ. ಓದಿದವರೆಲ್ಲ ಕಡಲೆಕಾಯಿ ಎರಚುವುದೇ ಎಂದು ಕೇಳಿದರು! ‘ತೆರೆಯೆರಚಲು’ ಎಂದರೆ ನಾಲಗೆ ಹೊರಳುವುದಿಲ್ಲ. ‘ಕಡಲ ಎರಚಲು’ ಎಂದು ಬಿಡಿಸಿ ಬರೆಯುವುದೇ ವಾಸಿ ಎನಿಸುತ್ತದೆ. ಹಳಗನ್ನಡದಲ್ಲಿ ‘ಸೀರ್ಪನಿ’ ಎಂಬ ಚೆಂದದ ಮಾತಿದೆ, ಕಂಬನಿ, ಇಬ್ಬನಿಗಳ ದಾಯಾದಿ. ತುಂತುರು ಹನಿ ಎಂದು ಅರ್ಥ. ಆಸೆಯೇನೋ ಆಗುತ್ತದೆ, ಆದರೆ ಮಕ್ಕಳ ಲೇಖನಕ್ಕೆ ಹಾಕಲು ಧೈರ್ಯ ಸಾಲದು. ‘ಸಿಂಪಡಣೆ’ ಬೇಡ, ಅದು ಬೆಳೆಗೆ ಔಷಧಿ ಹೊಡೆಯುವುದು. ‘ತುಂತುರು’ ಎಂದರೆ ನೀರಾವರಿಯವರು ಎದ್ದು ನಿಲ್ಲುತ್ತಾರೆ.

ಇಷ್ಟರವರೆಗೆ ಎಲ್ಲವೂ ಹನಿಯೇ, ಹಾಗಾದರೆ ‘ಹನಿ’ ಎಂದುಬಿಟ್ಟರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ತಲೆಬರಹದಲ್ಲಿ ಕೇಳಿದ್ದು ಇದನ್ನೇ.

ಉಪ್ಪಿನ ಭರಣಿಯನ್ನು ನೆನೆಸಿಕೊಳ್ಳಿ. ಬೇಸಿಗೆಯಲ್ಲಿ ಗರಿಗರಿ. ಆಷಾಢದಲ್ಲಿ ಮುಚ್ಚಳ ತೆಗೆದರೆ ನೀರು ಬಿಟ್ಟಿರುತ್ತದೆ. ಗಾಳಿಯ ತೇವ ನೂರಕ್ಕೆ 75 ದಾಟಿದರೆ ಶುದ್ಧ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗಿಬಿಡುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಸಿಯಂ ಲವಣಗಳೂ ಇರುವುದರಿಂದ ಅದು ಇನ್ನೂ ಬೇಗ ಬೆವರುತ್ತದೆ. ಕಡಲ ಮೇಲೆ ಹಾರಿದ ಕಣದ ಕತೆಯೂ ಇದೇ. ನೀರಿನ ಹತ್ತಿರ ಇರುವಷ್ಟು ಹೊತ್ತು ಅದು ಉಪ್ಪುನೀರಿನ ಹನಿ. ಒಣಗಾಳಿ ಸಿಕ್ಕರೆ ಉಪ್ಪಿನ ಹರಳು. ವಿಚಿತ್ರ ಎಂದರೆ ಕರಗಿದ ತೇವದಲ್ಲೇ ಮತ್ತೆ ಹರಳುಗಟ್ಟುವುದಿಲ್ಲ. ಒಮ್ಮೆ ಹನಿಯಾದದ್ದು ತೇವ 75ಕ್ಕಿಂತ ಎಷ್ಟೋ ಕೆಳಗೆ, ಸುಮಾರು 45ರವರೆಗೆ ಇಳಿಯುವ ತನಕ ಹನಿಯಾಗಿಯೇ ಹಟ ಹಿಡಿದು ಕೂರುತ್ತದೆ. ಅಂದರೆ ಒಂದೇ ತೇವದಲ್ಲಿ ಒಂದು ಕಣ ಹರಳು, ಪಕ್ಕದ್ದು ಹನಿ, ಅದು ಎಲ್ಲಿಂದ ಬಂತು ಎಂಬುದರ ಮೇಲೆ. ಬೆಳಿಗ್ಗೆ ಹನಿ ಎಂದು ಹೆಸರಿಟ್ಟರೆ ಮಧ್ಯಾಹ್ನ ತಪ್ಪಾಗಬಹುದು. ಅದಕ್ಕೇ ಹನಿಯೂ ಅಲ್ಲದ ಹರಳೂ ಅಲ್ಲದ, ಎರಡಕ್ಕೂ ಸಲ್ಲುವ ಮಾತು ಬೇಕು. ‘ಕಣ’ ಸಲ್ಲುತ್ತದೆ. ಆದರೆ ಹಳ್ಳಿಯಲ್ಲಿ ಕಣ ಎಂದರೆ ಒಕ್ಕುವ ಜಾಗ, ಪೇಪರಿನಲ್ಲಿ ಚುನಾವಣೆ. ಒಂಟಿಯಾಗಿ ಬಿಡಲಾಗದು, ಮುಂದೊಂದು ಮಾತು ಸೇರಿಸಲೇಬೇಕು.

ಮುಂದಿನದು ಇನ್ನೂ ಮಜವಾಗಿದೆ. ಹಡಗುಗಳ ಹೊಗೆ, ನೆಲದ ಮೇಲಿನ ಊರುಗಳ ಹೊಗೆ ಕಡಲ ಮೇಲೆ ಬಂದಾಗ ಅದರಿಂದ ಹುಟ್ಟಿದ ನೈಟ್ರಿಕ್ ಆಮ್ಲ ಈ ಉಪ್ಪಿನ ಕಣಕ್ಕೆ ತಗಲುತ್ತದೆ. ಕಣದಲ್ಲಿ ಸೋಡಿಯಂ ನೈಟ್ರೇಟ್ ಉಳಿದು, ಕ್ಲೋರಿನ್ ಭಾಗ ಹೈಡ್ರೋಕ್ಲೋರಿಕ್ ಆಮ್ಲದ ಆವಿಯಾಗಿ ಎದ್ದು ಹೋಗುತ್ತದೆ. ಹೀಗೆ ಬದಲಾದ ಉಪ್ಪಿಗೆ ಸಂಶೋಧಕರು ‘ವಯಸ್ಸಾದ’ ಎಂಬ ಅರ್ಥದ ಮಾತು ಬಳಸುತ್ತಾರೆ. ಕನ್ನಡದಲ್ಲಿ ಉಪ್ಪಿಗೆ ವಯಸ್ಸಾಗುವುದೇ? ‘ಮಾಗಿದ ಉಪ್ಪು’ ಎಂದರೆ ಮಾವಿನಹಣ್ಣಿನ ನೆನಪು. ‘ಪಳಗಿದ ಉಪ್ಪು’ ಎಂದರೆ ದೋಸೆ ಕಾವಲಿ. ‘ಹಳಸಿದ ಉಪ್ಪು’ ಎಂದಾಗ ನಮ್ಮಮ್ಮ ನಕ್ಕುಬಿಟ್ಟರು. ‘ಹಳಸಬಾರದು ಅಂತ ಉಪ್ಪು ಹಾಕೋದು ಕಣೋ, ಅದೇ ಹಳಸುತ್ತಾ?’ ಮಾತು ನಿಜ. ಆದರೂ ನನ್ನ ಓಟು ಇದಕ್ಕೇ. ಹಳಸುವುದು ಎಂದರೆ ಹುಳಿ ಸೇರಿ ಮೊದಲಿನ ಗುಣ ಹೋಗುವುದು. ಇಲ್ಲಿ ಆಗುವುದೂ ಹುಳಿಯ ಕೆಲಸವೇ ತಾನೇ? ಜತೆಗೆ ಆ ನಗು ಬಂದ ಮೇಲೆ ಯಾರೂ ಮರೆಯುವುದಿಲ್ಲ.

ನನ್ನದೇ ಒಂದು ಎಡವಟ್ಟನ್ನೂ ಹೇಳಬೇಕು. ಕಡಲಿನ ಸಸ್ಯಪ್ಲವಕಗಳಿಂದ, ಅಂದರೆ ನೀರಿನಲ್ಲಿ ತೇಲುವ ಅತಿಸಣ್ಣ ಸಸ್ಯಗಳಿಂದ, ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕದ ಅನಿಲ ಹೊರಡುತ್ತದೆ. ಕಡಲಿನ ವಾಸನೆಯಲ್ಲಿ ಅದರ ಪಾಲೂ ಇದೆ. ಗಾಳಿಯಲ್ಲಿ ಅದು ಸಲ್ಫೇಟ್ ಕಣವಾಗಿ, ಮೋಡದ ಹನಿ ಕಟ್ಟಲು ಆಸರೆಯಾಗುತ್ತದೆ. ಬಿಸಿ ಹೆಚ್ಚಿದರೆ ಪ್ಲವಕ ಹೆಚ್ಚಿ, ಮೋಡ ಬೆಳ್ಳಗಾಗಿ, ಭೂಮಿ ತಂಪಾಗಬಹುದೇ ಎಂದು 1987ರಲ್ಲಿ ನಾಲ್ವರು ಊಹಿಸಿದರು. ಅದಕ್ಕೆ ‘ಕ್ಲಾ’ ಊಹೆ ಎಂದು ಹೆಸರು. ನಾನು ಹಿಂದುಮುಂದು ನೋಡದೆ ‘ಪಂಜದ ಊಹೆ’ ಎಂದು ಅನುವಾದಿಸಿದ್ದೆ. ಯಾವ ಹುಲಿಯ ಪಂಜವೂ ಅಲ್ಲ ಮಾರಾಯ್ರೇ. ಚಾರ್ಲ್ಸನ್, ಲವ್‌ಲಾಕ್, ಆಂಡ್ರಿಯೇ, ವಾರನ್, ಈ ನಾಲ್ಕು ಹೆಸರಿನ ಇಂಗ್ಲಿಷ್ ಮೊದಲಕ್ಷರಗಳು. (ಊಹೆಯೂ ಈಗ ಮೊದಲಿನಷ್ಟು ಗಟ್ಟಿಯಾಗಿಲ್ಲ. 2011ರಲ್ಲಿ ಇಬ್ಬರು ವಿಜ್ಞಾನಿಗಳು ಅದು ನಡೆಯದು ಎಂದು ವಾದಿಸಿದರು.)

ಇನ್ನು ನೆಲದ ಹೊಗೆ ಪದರವಾಗಿ ಹಬ್ಬಿದ್ದಕ್ಕೆ ಹೇಳುವ ‘ಕಂದು ಮೋಡ’. ಇದನ್ನು ದಯವಿಟ್ಟು ಬಿಡಬೇಕು ಎಂದು ನನ್ನ ಮನವಿ. 1999ರ ಜನವರಿಯಿಂದ ಮಾರ್ಚ್‌ವರೆಗೆ ಹಿಂದೂ ಮಹಾಸಾಗರದ ಮೇಲೆ ಇಂಡೋಯೆಕ್ಸ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಹಡಗು, ವಿಮಾನ, ಮಾಲ್ಡೀವ್ಸ್‌ನ ಕಾಶಿಧೂ ದ್ವೀಪದಲ್ಲೊಂದು ಕೇಂದ್ರ. ಮುಂದೆ ನಿಂತವರು ವಿ. ರಾಮನಾಥನ್ ಮತ್ತು ಪಾಲ್ ಕ್ರುಟ್ಜೆನ್. ರಾಮನಾಥನ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಚಳಿಗಾಲದ ಈಶಾನ್ಯ ಗಾಳಿಯ ಜತೆ ನೆಲದ ಹೊಗೆ ನಡುಗಡಲಿನವರೆಗೂ ಹಬ್ಬಿದ್ದು ಕಂಡಿತು. ದಪ್ಪ ಎಷ್ಟೋ ಕಡೆ ಮೂರು ಕಿಲೋಮೀಟರ್. ಅದರಲ್ಲಿ ನೂರಕ್ಕೆ ಸುಮಾರು 80 ಪಾಲು ಮನುಷ್ಯರ ಕೆಲಸದಿಂದ ಬಂದದ್ದು. 2002ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ‘ಏಷ್ಯಾದ ಕಂದು ಮೋಡ’ ಎಂದಾಗ ಭಾರತದಲ್ಲಿ ಗದ್ದಲವಾಯಿತು. ಬೇರೆ ಖಂಡಗಳಲ್ಲಿ ಹೊಗೆ ಇಲ್ಲವೇ ಎಂಬ ಪ್ರಶ್ನೆ ಎದ್ದಿತು. ಆಮೇಲೆ ‘ಏಷ್ಯಾ’ ಹೋಗಿ ‘ವಾತಾವರಣದ’ ಬಂತು. ಮೋಡ ಮಾತ್ರ ಹಾಗೇ ಉಳಿಯಿತು! ನನ್ನ ತಕರಾರು ಇರುವುದು ಆ ಮೋಡದ ಮೇಲೆ. ಅದು ಮೋಡವಲ್ಲ. ಮಳೆ ತರುವುದಿಲ್ಲ, ಕೆಳಗೆ ಕಡಲಿಗೆ ಬೀಳುವ ಬಿಸಿಲನ್ನು ತಡೆಯುತ್ತದೆ ಅಷ್ಟೇ. ‘ಕಂದು ಮಬ್ಬು’ ಎಂದರೆ ಸಾಕು. ‘ಕಾವಳ’ ಆಗದು, ಅದರಲ್ಲಿ ತಣ್ಣನೆಯ ತೇವ ಇದೆ.

ಮೋಡದ ಹನಿಗೆ ಆಸರೆಯಾಗುವ ಕಣವನ್ನು ‘ಬೀಜಕಣ’ ಎಂದು ಬರೆಯುವವರೂ ಇದ್ದಾರೆ. ಜೀವಶಾಸ್ತ್ರದ ಪಾಠದಲ್ಲಿ ಅದು ಅಣಬೆ, ಜರಿಗಿಡಗಳ ಬೀಜಕಣ. ಕಡಲ ಮೇಲೆ ಅಣಬೆ ಬೇಡ. ‘ಮೋಡ ಬಿತ್ತನೆ’ ಆಗಲೇ ಪೇಪರಿನಲ್ಲಿ ನೆಲೆ ನಿಂತಿದೆಯಾದ್ದರಿಂದ ‘ಮೋಡದ ಬೀಜ’ ಎಂದರೆ ಎಲ್ಲರಿಗೂ ಹತ್ತುತ್ತದೆ. ಹಡಗಿನ ಹೊಗೆಯಿಂದ ತಗ್ಗಿನ ಮೋಡಗಳ ಮೇಲೆ ಬೀಳುವ ಬಿಳಿ ಗೆರೆಗಳಿಗೆ ‘ಹಡಗಿನ ಜಾಡು’. ಇದರಲ್ಲಿ ಚರ್ಚೆಗೆ ಏನೂ ಇಲ್ಲ ಅಂದುಕೊಂಡಿದ್ದೇನೆ. 2020ರಲ್ಲಿ ಹಡಗಿನ ಇಂಧನದ ಗಂಧಕದ ಮಿತಿ ನೂರಕ್ಕೆ 3.5ರಿಂದ 0.5ಕ್ಕೆ ಇಳಿದ ಮೇಲೆ ಆ ಜಾಡುಗಳೂ ಕಡಿಮೆಯಾಗಿವೆ.

ಈಗ ನನ್ನ ಕೇಳಿಕೆ. ಕರಾವಳಿಯವರು, ಅದರಲ್ಲೂ ದೋಣಿಗೆ ಹೋಗುವವರ ಮನೆಯವರು ಯಾರಾದರೂ ಇದ್ದರೆ ಹೇಳಿ: ಗಾಳಿ ತೆರೆಯ ತಲೆ ಹಾರಿಸಿ ಮುಖಕ್ಕೆ ಹೊಡೆಯುವುದಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ? ಕನ್ನಡವೇ ಆಗಬೇಕೆಂದಿಲ್ಲ, ತುಳು, ಕೊಂಕಣಿ ಮಾತಾದರೂ ಸರಿ. ಕಿಟಕಿ ಸರಳಿಗೆ ತುಕ್ಕು ಹಿಡಿಸುವ ಉಪ್ಪುಗಾಳಿಗೆ ಬೇರೆ ಹೆಸರಿದೆಯೇ? ಇನ್ನು ‘ತೇಲುಕಣ’ಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ಈ ವಾರದೊಳಗೆ ಬರೆಯಿರಿ. ಲೇಖನ ಸೋಮವಾರ ಹೋಗಬೇಕು. ಇಲ್ಲದಿದ್ದರೆ ‘ತೇಲುಕಣ’ ಎಂದೇ ಕಳಿಸುತ್ತೇನೆ, ಆಮೇಲೆ ಬೈಯಬೇಡಿ.